ತಿಂದದ್ದು ನೆನಪಿರುವಂತೆ ಉಣ್ಣುವುದು ಹೇಗೆ?

ಮೊಬೈಲ್ ನೋಡುತ್ತ ಊಟ ಮುಗಿಸಿದವರನ್ನು ಒಂದು ಗಂಟೆಯ ನಂತರ ‘ಇವತ್ತು ಪಲ್ಯ ಯಾವುದಿತ್ತು’ ಎಂದು ಕೇಳಿ ನೋಡಿ. ಅನೇಕರು ತುಸು ಹೊತ್ತು ತಡವರಿಸುತ್ತಾರೆ, ಕೆಲವರು ನಕ್ಕು ಮಾತು ಮರೆಸುತ್ತಾರೆ. ಇದನ್ನು ಸಾಮಾನ್ಯ ಮರೆವು ಎಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಹೊಟ್ಟೆ ತುಂಬಿದೆ ಎಂಬ ಅರಿವು ಹೊಟ್ಟೆಯಲ್ಲಿ ಮಾತ್ರ ಹುಟ್ಟುವುದಿಲ್ಲ. ಈಗತಾನೆ ಏನು ಉಂಡೆವು, ಎಷ್ಟು ಉಂಡೆವು ಎಂಬ ನೆನಪಿಗೂ ಅದರಲ್ಲಿ ದೊಡ್ಡ ಪಾಲಿದೆ. ಅಮೆರಿಕದ ಮನೋವಿಜ್ಞಾನಿ ಪಾಲ್ ರೋಜಿನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಿದುಳಿನ ಹಾನಿಯಿಂದ ಹೊಸ ನೆನಪುಗಳನ್ನು ಉಳಿಸಿಕೊಳ್ಳಲಾರದ ಇಬ್ಬರು ರೋಗಿಗಳ ಮುಂದೆ, ಮಧ್ಯಾಹ್ನದ ಊಟ ಮುಗಿದು ಅರ್ಧ ಗಂಟೆಯೊಳಗೇ ಇನ್ನೊಂದು ಊಟವನ್ನು ತಂದಿಟ್ಟಾಗ ಅವರು ಅದನ್ನೂ ತಿಂದರು. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2011ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಎಲ್ಲರಿಗೂ ಒಂದೇ ಬಗೆಯ, ಒಂದೇ ಅಳತೆಯ ಊಟ ಕೊಡಲಾಗಿತ್ತು. ಕಂಪ್ಯೂಟರಿನಲ್ಲಿ ಇಸ್ಪೀಟಿನ ಆಟ ಆಡುತ್ತ ಉಂಡವರಿಗೆ ಯಾವ ಪದಾರ್ಥದ ನಂತರ ಯಾವುದನ್ನು ತಿಂದೆವೆಂಬುದು ಸರಿಯಾಗಿ ನೆನಪಿರಲಿಲ್ಲ, ಮತ್ತು ಅರ್ಧ ಗಂಟೆಯ ಬಳಿಕ ಅವರೇ ಹೆಚ್ಚು ಬಿಸ್ಕತ್ತು ತಿಂದರು. ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2013ರ ಸಮೀಕ್ಷೆಯೊಂದು, ಗಮನ ಬೇರೆಡೆ ಇದ್ದಾಗ ಆ ಊಟದಲ್ಲಿ ತಿನ್ನುವ ಪ್ರಮಾಣ ಹೆಚ್ಚುತ್ತದೆ, ಮುಂದಿನ ಹೊತ್ತಿನಲ್ಲಿ ತಿನ್ನುವ ಪ್ರಮಾಣ ಅದಕ್ಕಿಂತಲೂ ಹೆಚ್ಚುತ್ತದೆ ಎಂದು ಕಂಡುಕೊಂಡಿತು.

ಸಂಜೆ ಐದರ ಹೊತ್ತಿಗೆ ಚಕ್ಕುಲಿ ಡಬ್ಬಿಯ ಕಡೆಗೆ ಕೈ ಹೋಗುವುದಕ್ಕೆ ಮಧ್ಯಾಹ್ನದ ಮೊಬೈಲು ಕಾರಣವಾಗಿರಬಹುದು ಎಂದಾಯಿತು. ಆದ್ದರಿಂದ ಇಲ್ಲಿ ಹೇಳುವ ಕ್ರಮದ ಗುರಿ ಬಹಳ ಸಣ್ಣದು: ಉಂಡ ಊಟ ಉಂಡಂತೆ ಮನಸ್ಸಿನಲ್ಲಿ ದಾಖಲಾಗಬೇಕು. ಇದನ್ನು ತೂಕ ಇಳಿಸುವ ಮದ್ದೆಂದು ಮಾರುವವರ ಮಾತನ್ನು ನಂಬಬೇಕಾಗಿಲ್ಲ. ಕೆಲವರಿಗೆ ತೂಕ ಇಳಿಯಬಹುದು, ಹಲವರಿಗೆ ಇಳಿಯದಿರಬಹುದು, ಆದರೆ ಊಟದ ರುಚಿ ಮಾತ್ರ ಎಲ್ಲರಿಗೂ ಮರಳಿ ಸಿಗುತ್ತದೆ.

ಮೊದಲು ಒಂದು ಹೊತ್ತನ್ನು ಆರಿಸಿಕೊಳ್ಳಿ

ಮೂರು ಹೊತ್ತಿನ ಊಟವನ್ನೂ ಒಂದೇ ಸಲ ಬದಲಾಯಿಸಲು ಹೊರಟವರು ಬಹುಬೇಗ ಕೈಬಿಡುತ್ತಾರೆ. ಬೆಳಗಿನ ತಿಂಡಿಯ ಹೊತ್ತಿನಲ್ಲಿ ಶಾಲೆಯ ವಾಹನ, ಡಬ್ಬಿ ಕಟ್ಟುವ ಗಡಿಬಿಡಿ, ನೀರು ಬಿಡುವ ಸಮಯ ಎಲ್ಲವೂ ಒಟ್ಟಿಗೆ ಬರುವುದರಿಂದ ಅಭ್ಯಾಸಕ್ಕೆ ಅದು ಯೋಗ್ಯವಲ್ಲ. ನನ್ನ ಅಭಿಪ್ರಾಯದಲ್ಲಿ ಮಧ್ಯಾಹ್ನದ ಊಟ ಎಲ್ಲಕ್ಕಿಂತ ಒಳ್ಳೆಯ ಆಯ್ಕೆ, ಏಕೆಂದರೆ ಅದರ ನೆನಪು ಸಂಜೆಯ ಕುರುಕಲಿನ ಮೇಲೆ ನೇರವಾಗಿ ಕೆಲಸ ಮಾಡುತ್ತದೆ ಮತ್ತು ಫಲ ಅದೇ ದಿನ ಕಾಣಿಸುತ್ತದೆ. ಕಚೇರಿಯಲ್ಲಿ ಇಪ್ಪತ್ತು ನಿಮಿಷವೂ ಸಿಗದು ಎನ್ನುವವರು ರಾತ್ರಿಯ ಊಟವನ್ನೋ ಭಾನುವಾರದ ತಿಂಡಿಯನ್ನೋ ಆರಿಸಿಕೊಳ್ಳಬಹುದು. ಆರಿಸಿಕೊಂಡ ಹೊತ್ತನ್ನು ಎರಡು ವಾರ ಬದಲಾಯಿಸಬೇಡಿ.

ಪರದೆಯನ್ನು ಕೈಗೆಟುಕದಂತೆ ಇಡಿ

ಎಂಜಲು ಕೈಯಲ್ಲಿ ಏನನ್ನೂ ಮುಟ್ಟಬಾರದೆಂಬ ನಮ್ಮ ಮನೆಗಳ ಹಳೆಯ ನಿಯಮ ಊಟದ ಹೊತ್ತಿನಲ್ಲಿ ಕೈಯನ್ನು ಕಟ್ಟಿಹಾಕುತ್ತಿತ್ತು. ಈಗ ಬಲಗೈ ತಟ್ಟೆಯಲ್ಲಿದ್ದರೆ ಎಡಗೈಯ ಹೆಬ್ಬೆರಳು ಪರದೆಯ ಮೇಲೆ ಓಡಾಡುತ್ತಿರುತ್ತದೆ. ಮೊಬೈಲನ್ನು ಮಗುಚಿ ಪಕ್ಕದಲ್ಲಿಟ್ಟುಕೊಳ್ಳುವುದರಿಂದ ಪ್ರಯೋಜನ ಕಡಿಮೆ, ಏಕೆಂದರೆ ಅದು ಒಮ್ಮೆ ಕಂಪಿಸಿದರೆ ಸಾಕು, ಯಾರ ಸಂದೇಶವೆಂದು ಯೋಚಿಸುತ್ತ ಎರಡು ತುತ್ತು ಇಳಿದುಹೋಗುತ್ತವೆ. ಅದನ್ನು ಇನ್ನೊಂದು ಕೋಣೆಯಲ್ಲಿಡಿ. ವಯಸ್ಸಾದ ತಂದೆತಾಯಿ ಊರಲ್ಲಿರುವವರು, ಆಸ್ಪತ್ರೆಯಂಥ ಕಡೆ ತುರ್ತು ಕೆಲಸದಲ್ಲಿರುವವರು ಕರೆಯ ಸದ್ದನ್ನು ಮಾತ್ರ ಉಳಿಸಿಕೊಂಡು ಸಂದೇಶಗಳ ಸದ್ದನ್ನು ನಿಲ್ಲಿಸಿದರೆ ಸಾಕಾಗುತ್ತದೆ.

ಟಿ.ವಿ.ಯ ಸಂಗತಿ ಇಷ್ಟು ಸುಲಭವಲ್ಲ, ಏಕೆಂದರೆ ಅದು ಮನೆಮಂದಿಗೆಲ್ಲ ಸೇರಿದ್ದು. ಧಾರಾವಾಹಿ ನೋಡುತ್ತ ಉಣ್ಣುವ ಅಭ್ಯಾಸವಿರುವ ಅತ್ತೆ ಮಾವನ ಮುಂದೆ ರಿಮೋಟ್ ಕಿತ್ತುಕೊಂಡು ಆರೋಗ್ಯದ ಪಾಠ ಹೇಳಿದರೆ ಊಟ ಇನ್ನೂ ಕೆಡುತ್ತದೆ. ಅದರ ಬದಲು ಊಟವನ್ನೇ ಅರ್ಧ ಗಂಟೆ ಹಿಂದಕ್ಕೆ ತಂದು, ಎಂಟೂವರೆಗೆ ಬಡಿಸುತ್ತಿದ್ದುದನ್ನು ಎಂಟಕ್ಕೆ ಬಡಿಸಿ, ಧಾರಾವಾಹಿ ಶುರುವಾಗುವ ಮೊದಲು ಪಾತ್ರೆ ಎತ್ತಿಡುವಂತೆ ಮಾಡಿದರೆ ಯಾರ ಇಷ್ಟಕ್ಕೂ ಧಕ್ಕೆಯಾಗುವುದಿಲ್ಲ. ಅದೂ ಸಾಧ್ಯವಾಗದಿದ್ದರೆ ಪರದೆಗೆ ಬೆನ್ನು ಮಾಡಿ ಕುಳಿತುಕೊಳ್ಳಿ. ಕಿವಿಗೆ ಬೀಳುವ ಸಂಭಾಷಣೆ ಕಣ್ಣಿಗೆ ಬೀಳುವ ದೃಶ್ಯದಷ್ಟು ಸೆಳೆಯುವುದಿಲ್ಲ.

ದಿನಪತ್ರಿಕೆ, ಪುಸ್ತಕಗಳೂ ಇದೇ ಸಾಲಿಗೆ ಸೇರುತ್ತವೆ ಎಂದರೆ ಓದುವ ಹವ್ಯಾಸದವರಿಗೆ ಬೇಸರವಾಗಬಹುದು, ಆದರೆ ಗಮನವನ್ನು ಕದಿಯುವ ವಿಷಯದಲ್ಲಿ ಒಳ್ಳೆಯ ಪುಸ್ತಕ ಕೆಟ್ಟ ವಿಡಿಯೊಗಿಂತ ಕಡಿಮೆಯದೇನಲ್ಲ. ಮಾತಿನ ವಿಷಯ ಬೇರೆ. ಆಯುರ್ವೇದದ ಹಳೆಯ ಗ್ರಂಥವಾದ ಚರಕಸಂಹಿತೆಯ ವಿಮಾನಸ್ಥಾನವೆಂಬ ಭಾಗದಲ್ಲಿ ಊಟದ ವಿಧಿಗಳನ್ನು ಹೇಳುವಾಗ ‘ಅಜಲ್ಪನ್ ಅಹಸನ್ ತನ್ಮನಾ ಭುಂಜೀತ’ ಎಂಬ ಮಾತು ಬರುತ್ತದೆ; ಹರಟದೆ, ನಗದೆ, ಅದರಲ್ಲೇ ಮನಸ್ಸಿಟ್ಟು ಉಣ್ಣಬೇಕೆಂದು ಅದರ ಅರ್ಥ. ಬಾಯಲ್ಲಿ ತುತ್ತು ಇರುವಾಗ ನಕ್ಕರೆ ನೆತ್ತಿಗೆ ಹತ್ತುವುದು ನಿಜವಾದ್ದರಿಂದ ಇದರಲ್ಲಿ ಹುರುಳಿದೆ. ಆದರೂ ದಿನಕ್ಕೊಮ್ಮೆ ಮಾತ್ರ ಎಲ್ಲರೂ ಒಟ್ಟಿಗೆ ಕೂರುವ ಮನೆಯಲ್ಲಿ ಪೂರ್ತಿ ಮೌನವನ್ನು ಹೇರುವುದು ನನಗೆ ಒಪ್ಪಿಗೆಯಾಗದು. ಮಾತಿರಲಿ, ಆದರೆ ಮಕ್ಕಳ ಅಂಕಪಟ್ಟಿ, ಸಾಲದ ಕಂತು, ನೆಂಟರ ಮೇಲಿನ ದೂರು ಇವುಗಳನ್ನು ಕೈ ತೊಳೆದ ನಂತರಕ್ಕೆ ಇಟ್ಟುಕೊಳ್ಳಬಹುದು. ಮೌನದ ಊಟ ಹೇಗಿರುತ್ತದೆಂದು ಅರಿಯಬೇಕೆನ್ನುವವರಿಗೆ ಬೆಂಗಳೂರಿನ ಹೊರವಲಯದ ಆಲೂರಿನಲ್ಲಿರುವ ಧಮ್ಮ ಪಫುಲ್ಲ ಕೇಂದ್ರದಂಥ ವಿಪಶ್ಯನ ಧ್ಯಾನ ಕೇಂದ್ರಗಳಿವೆ. ಅಲ್ಲಿಯ ಹತ್ತು ದಿನಗಳ ಶಿಬಿರದಲ್ಲಿ ಮೌನ ನಿಯಮವಿರುವುದರಿಂದ ಊಟವೂ ಮೌನದಲ್ಲೇ ನಡೆಯುತ್ತದೆ.

ತುತ್ತೆತ್ತುವ ಮೊದಲು ಅರ್ಧ ನಿಮಿಷ

ಕುಳಿತ ಮೇಲೆ, ನಿಜವಾಗಿ ಹಸಿವಿದೆಯೇ, ಎಷ್ಟಿದೆ ಎಂದು ಒಮ್ಮೆ ಗಮನಿಸಿ. ಹೊಟ್ಟೆ ಖಾಲಿಯಾದ ಅನುಭವ, ತುಸು ನಿಶ್ಶಕ್ತಿ ಇವು ಹಸಿವಿನ ಗುರುತುಗಳು. ಕೆಲಸದ ಬೇಸರ, ಗಡಿಯಾರ ಒಂದೂವರೆ ತೋರಿಸುತ್ತಿರುವುದು, ಎದುರಿನವರು ತಿನ್ನುತ್ತಿರುವುದು ಇವು ಬೇರೆ. ಹಸಿವು ಕಡಿಮೆಯಿದ್ದರೆ ಊಟ ಬಿಡಬೇಕೆಂದಿಲ್ಲ, ಅನ್ನ ಒಂದು ಸೌಟು ಕಡಿಮೆ ಬಡಿಸಿಕೊಂಡರಾಯಿತು.

ಊಟಕ್ಕೆ ಮುನ್ನ ಎಲೆಯ ಸುತ್ತ ನೀರು ಬಿಟ್ಟು ಪರಿಷೇಚನೆ ಮಾಡುವವರು, ಬಿಸ್ಮಿಲ್ಲಾ ಎನ್ನುವವರು, ಕಣ್ಣುಮುಚ್ಚಿ ಪ್ರಾರ್ಥಿಸುವವರು, ಬಸವಣ್ಣನನ್ನು ನೆನೆಯುವವರು ಎಲ್ಲರಿಗೂ ಈ ಅರ್ಧ ನಿಮಿಷದ ನಿಲುಗಡೆ ರೂಢಿಯಿಂದಲೇ ದೊರೆತಿದೆ. ಅಂಥ ರೂಢಿಯಿಲ್ಲದವರು ತಟ್ಟೆಯಲ್ಲಿರುವ ಪದಾರ್ಥಗಳ ಹೆಸರನ್ನು ಮನಸ್ಸಿನಲ್ಲೇ ಒಂದೊಂದಾಗಿ ಹೇಳಿಕೊಳ್ಳಲಿ. ಬಡಿಸುವುದನ್ನೆಲ್ಲ ಒಮ್ಮೆಗೇ ತಟ್ಟೆಗೆ ಬಡಿಸಿಕೊಳ್ಳುವುದು ಇದಕ್ಕೆ ಅನುಕೂಲ. ಪಾತ್ರೆಯಿಂದ ಚೂರು ಚೂರಾಗಿ ಹಾಕಿಕೊಳ್ಳುತ್ತ ಹೋದರೆ ಒಟ್ಟು ಎಷ್ಟಾಯಿತೆಂಬ ಲೆಕ್ಕ ಕಣ್ಣಿಗೆ ಸಿಗುವುದಿಲ್ಲ. ಚಕ್ಕುಲಿ, ಮಿಕ್ಸ್ಚರ್, ಕಡಲೆಕಾಯಿಯಂಥವನ್ನು ಪೊಟ್ಟಣದಿಂದಲೇ ತಿನ್ನುವವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ: ಬಟ್ಟಲಿಗೆ ಹಾಕಿಕೊಂಡು ಡಬ್ಬಿಯನ್ನು ಮುಚ್ಚಿಟ್ಟು ಬಂದು ಕುಳಿತುಕೊಳ್ಳಿ.

ಚಿಕ್ಕ ತಟ್ಟೆ ಬಳಸಿದರೆ ತಾನಾಗಿಯೇ ಕಡಿಮೆ ತಿನ್ನುತ್ತೀರಿ ಎಂಬ ಸಲಹೆಯನ್ನು ನೀವು ಎಲ್ಲೋ ಓದಿರಬಹುದು. ಇಂಥ ಸಲಹೆಗಳನ್ನು ಜನಪ್ರಿಯಗೊಳಿಸಿದ್ದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದು; ಅದರ ಮುಖ್ಯಸ್ಥರ ಆರು ಪ್ರಬಂಧಗಳನ್ನು ಜಾಮಾ ಬಳಗದ ವೈದ್ಯಕೀಯ ಪತ್ರಿಕೆಗಳು 2018ರಲ್ಲಿ ಹಿಂಪಡೆದವು. ಇರುವ ತಟ್ಟೆಯೇ ಸಾಕು, ಹೊಸದನ್ನು ಕೊಳ್ಳಬೇಡಿ.

ಮೊದಲ ಮೂರು ತುತ್ತು

ಊಟವಿಡೀ ಏಕಾಗ್ರತೆ ಇರಬೇಕೆಂದು ಹಟ ಹಿಡಿಯದೆ ಮೊದಲ ಮೂರು ತುತ್ತುಗಳನ್ನು ಮಾತ್ರ ಪೂರ್ತಿ ಗಮನವಿಟ್ಟು ಉಣ್ಣಿ. 1979ರಲ್ಲಿ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಒತ್ತಡ ನಿವಾರಣೆಯ ತರಬೇತಿ ಆರಂಭಿಸಿದ ಜಾನ್ ಕಬಟ್-ಜಿನ್ ಅವರ ಪಾಠಕ್ರಮದಲ್ಲಿ ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮುಟ್ಟಿ, ಮೂಸಿ, ನಾಲಗೆಯ ಮೇಲಿಟ್ಟು, ನಿಧಾನವಾಗಿ ಅಗಿಯುವ ಅಭ್ಯಾಸ ಪ್ರಸಿದ್ಧವಾಗಿದೆ. ದ್ರಾಕ್ಷಿಯೇ ಆಗಬೇಕೆಂದಿಲ್ಲ. ಹೆಸರುಬೇಳೆ ಕೋಸಂಬರಿಯ ಒಂದು ಚಿಟಿಕೆ ಅದಕ್ಕಿಂತ ಒಳ್ಳೆಯ ಪಾಠ ಕಲಿಸುತ್ತದೆ, ಏಕೆಂದರೆ ನೆನೆದ ಬೇಳೆಯ ಕರುಂಕುರುಂ, ಸೌತೆಯ ನೀರು, ನಿಂಬೆಯ ಹುಳಿ, ಒಗ್ಗರಣೆಯ ಸಾಸಿವೆ, ತೆಂಗಿನ ಸಿಹಿ ಇವು ಒಟ್ಟಿಗೆ ಬಾಯಿಗೆ ಬಂದರೂ ಬೇರೆಬೇರೆ ಹೊತ್ತಿಗೆ ಅರಿವಿಗೆ ಬರುತ್ತವೆ.

ಗಮನವನ್ನು ಎಲ್ಲಿಡಬೇಕೆಂದು ತಿಳಿಯದವರು ಎರಡು ಸಣ್ಣ ಪರೀಕ್ಷೆಗಳನ್ನು ಮಾಡಿಕೊಳ್ಳಬಹುದು. ಮೂಗನ್ನು ಬೆರಳಿನಿಂದ ಮುಚ್ಚಿಕೊಂಡು ಸಾರನ್ನವನ್ನು ಬಾಯಿಗಿಟ್ಟುಕೊಳ್ಳಿ. ಉಪ್ಪು, ಹುಳಿ, ಖಾರ ಇಷ್ಟೇ ತಿಳಿಯುತ್ತದೆ. ಮೂಗು ಬಿಟ್ಟ ಕೂಡಲೇ ಜೀರಿಗೆ, ಇಂಗು, ಕೊತ್ತಂಬರಿ ಎಲ್ಲವೂ ಒಮ್ಮೆಲೇ ಹಾಜರಾಗುತ್ತವೆ. ನಾವು ರುಚಿ ಎಂದು ಕರೆಯುವುದರ ಬಹುಪಾಲು ಬಾಯಿಯ ಹಿಂಭಾಗದಿಂದ ಮೂಗಿಗೆ ಏರುವ ಪರಿಮಳವೇ ಆಗಿದೆ, ಹಾಗಾಗಿ ತುತ್ತು ನುಂಗುವಾಗ ಉಸಿರನ್ನು ಮೂಗಿನಿಂದ ಹೊರಬಿಡುವುದನ್ನು ಗಮನಿಸಿದರೆ ರುಚಿ ಇಮ್ಮಡಿಯಾಗುತ್ತದೆ. ಎರಡನೆಯದಾಗಿ, ಏನೂ ಬೆರೆಸದ ಚಪಾತಿಯ ತುಂಡನ್ನೋ ಬರಿಯ ಅನ್ನವನ್ನೋ ಒಂದು ನಿಮಿಷದಷ್ಟು ಅಗಿಯಿರಿ. ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆ ಮಾಡುವುದರಿಂದ ಅದು ಮೆಲ್ಲನೆ ಸಿಹಿಯಾಗುತ್ತದೆ. ಈ ಸಿಹಿಯನ್ನು ಎಂದೂ ಅನುಭವಿಸಿಲ್ಲವೆನ್ನುವವರು ಅನ್ನವನ್ನು ಬಹಳ ಬೇಗ ನುಂಗುತ್ತಿದ್ದಾರೆ ಎಂದು ತಿಳಿಯಬಹುದು.

ವೇಗ: ಎಣಿಕೆ ಬೇಡ, ಬೆರಳನ್ನು ಗಮನಿಸಿ

ಪ್ರತಿ ತುತ್ತನ್ನು ಮೂವತ್ತೆರಡು ಬಾರಿ ಅಗಿಯಬೇಕೆಂಬ ಉಪದೇಶ ನಮ್ಮಲ್ಲಿ ಸಾಕಷ್ಟು ಪ್ರಚಾರದಲ್ಲಿದೆ. ಆಹಾರ ಬಾಯಲ್ಲೇ ದ್ರವವಾಗುವವರೆಗೆ ಅಗಿಯಬೇಕೆಂದು ಬೋಧಿಸಿ ಒಂದು ಚಳವಳಿಯನ್ನೇ ನಡೆಸಿದವರು, 1919ರಲ್ಲಿ ತೀರಿಕೊಂಡ ಅಮೆರಿಕದ ಹೊರೇಸ್ ಫ್ಲೆಚರ್. ಎಣಿಸುತ್ತ ತಿನ್ನುವವರ ಗಮನ ಎಣಿಕೆಯ ಮೇಲಿರುತ್ತದೆಯೇ ಹೊರತು ಅನ್ನದ ಮೇಲಲ್ಲ. ಅಲ್ಲದೆ ಈ ನಿಯಮವನ್ನು ಮಂಡ್ಯ, ಹಾಸನ, ತುಮಕೂರು, ಕೋಲಾರದ ಕಡೆಯ ಊಟದ ಮುಂದೆ ಹಿಡಿದರೆ ನಗೆಪಾಟಲಾಗುತ್ತದೆ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುವುದಲ್ಲದೆ ಅದರ ಸುಖವೇ ಹೋಗುತ್ತದೆ. ಮುದ್ದೆ ಉಣ್ಣುವವರು ಗಮನ ಇಡಬೇಕಾದದ್ದು ಹಲ್ಲಿನಲ್ಲಲ್ಲ, ಬೆರಳು ಮತ್ತು ಗಂಟಲಿನಲ್ಲಿ: ಬಿಸಿ ತಾಗದಂತೆ ಅಂಚಿನಿಂದ ಮುರಿಯುವುದು, ಗಂಟಲಿಗೆ ತಕ್ಕಷ್ಟೇ ತೆಗೆದು ನಯವಾಗಿ ಉಂಡೆ ಮಾಡುವುದು, ಬಸ್ಸಾರಿನಲ್ಲೋ ಉಪ್ಸಾರಿನಲ್ಲೋ ಅದ್ದಿ ಸುತ್ತಲೂ ಸಾರು ಹತ್ತುವಂತೆ ಹೊರಳಿಸುವುದು, ಅದು ಗಂಟಲಿನಿಂದ ಎದೆಯವರೆಗೆ ಬೆಚ್ಚಗೆ ಇಳಿಯುವುದನ್ನು ಕೊನೆತನಕ ಅನುಭವಿಸುವುದು. ನಿಧಾನವೆಂಬುದು ಇಲ್ಲಿ ಎರಡು ತುತ್ತುಗಳ ನಡುವೆ ಇರುತ್ತದೆ, ತುತ್ತಿನ ಒಳಗಲ್ಲ. ಮುದ್ದೆಯ ಜೊತೆಗಿರುವ ಸೊಪ್ಪು, ಕಾಳುಗಳನ್ನು ಮಾತ್ರ ಚೆನ್ನಾಗಿ ಅಗಿಯಬೇಕು.

ಜೋಳದ ರೊಟ್ಟಿಗೆ ಈ ತೊಂದರೆಯಿಲ್ಲ. ವಿಜಯಪುರ, ಬಾಗಲಕೋಟೆ, ಕಲಬುರಗಿಯ ಖಡಕ್ ರೊಟ್ಟಿಯನ್ನು ಬೇಕೆಂದರೂ ಬೇಗ ನುಂಗಲಾಗದು. ಎಣ್ಣೆಗಾಯಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿಯ ಜೊತೆ ಅದು ತನ್ನ ವೇಗವನ್ನು ತಾನೇ ನಿರ್ಧರಿಸುತ್ತದೆ. ಕರಾವಳಿಯ ಕುಚ್ಚಲಕ್ಕಿ ಅನ್ನವೂ ಹೀಗೆಯೇ, ಅಗುಳು ದಪ್ಪವಾಗಿರುವುದರಿಂದ ಹಲ್ಲಿಗೆ ಕೆಲಸ ಕೊಡುತ್ತದೆ. ಅವಸರಕ್ಕೆ ಎಲ್ಲಕ್ಕಿಂತ ಸುಲಭವಾಗಿ ಬಲಿಯಾಗುವುದು ಬಿಳಿ ಅಕ್ಕಿಯ ಮೆದು ಅನ್ನಕ್ಕೆ ಸಾರು ಸುರಿದು ಕಲಸಿದ ಊಟ, ಏಕೆಂದರೆ ಅದು ಅಗಿಯುವ ಮೊದಲೇ ಜಾರುತ್ತದೆ. ಅಂಥ ಊಟದಲ್ಲಿ ಇಡೀ ಅನ್ನವನ್ನು ಒಮ್ಮೆಗೇ ಕಲಸದೆ ನಾಲ್ಕೈದು ತುತ್ತಿಗೆ ಆಗುವಷ್ಟನ್ನು ಮಾತ್ರ ಬದಿಗೆ ಎಳೆದುಕೊಂಡು ಕಲಸಿ, ಅದು ಮುಗಿದ ಮೇಲೆ ಮತ್ತಷ್ಟು ಕಲಸಿಕೊಳ್ಳುವುದು ಒಳ್ಳೆಯದು.

ಎಲ್ಲ ಬಗೆಯ ಊಟಕ್ಕೂ ಹೊಂದುವ ನಿಯಮ ಒಂದೇ ಇದೆ. ಬಾಯಲ್ಲಿ ಒಂದು ತುತ್ತು ಇರುವಾಗಲೇ ಬೆರಳುಗಳು ಇನ್ನೊಂದನ್ನು ಸಿದ್ಧಮಾಡಿ ತುಟಿಯವರೆಗೆ ತಂದಿರುತ್ತವೆ. ಅವಸರದ ಊಟದ ಗುಟ್ಟೆಲ್ಲ ಈ ಚಲನೆಯಲ್ಲಿದೆ. ಬಾಯಿ ಖಾಲಿಯಾಗುವವರೆಗೆ ಬೆರಳುಗಳು ತಟ್ಟೆಯ ಅಂಚಿನ ಮೇಲೆ ಸುಮ್ಮನಿರಲಿ. ಚಮಚದಲ್ಲಿ ತಿನ್ನುವವರು ಅದನ್ನು ಕೆಳಗಿಡಲಿ. ಮೊದಮೊದಲು ಇದು ಕೃತಕವೆನಿಸುತ್ತದೆ, ಕೈ ಮತ್ತೆ ಮತ್ತೆ ಮುಂದೋಡುತ್ತದೆ. ಮುಂದೋಡಿತೆಂದು ತಿಳಿದಾಗ ಅದನ್ನು ಹಿಂದಕ್ಕೆ ತಂದರೆ ಸಾಕು.

ಹಾಗೆಂದು ಆಹಾರ ತಣ್ಣಗಾಗುವಷ್ಟು ಎಳೆಯಬೇಡಿ. ಚರಕಸಂಹಿತೆ ಅತಿ ಬೇಗ ಉಣ್ಣುವುದನ್ನು ಬೇಡವೆಂದಂತೆಯೇ ಅತಿ ನಿಧಾನವಾಗಿ ಉಣ್ಣುವುದನ್ನೂ ಬೇಡವೆನ್ನುತ್ತದೆ, ಹಾಗೆ ಉಣ್ಣುವವನಿಗೆ ತೃಪ್ತಿ ಸಿಗದೆ ಹೆಚ್ಚು ತಿನ್ನುತ್ತಾನೆ ಎಂಬ ಕಾರಣವನ್ನೂ ಕೊಡುತ್ತದೆ. ಇಪ್ಪತ್ತು ನಿಮಿಷ ಹಿಡಿಯುವ ಊಟ ಸಮಾಧಾನಕರ. ಹೊಟ್ಟೆ ಹಿಗ್ಗಿದ ಸುದ್ದಿಯನ್ನು ವೇಗಸ್ ನರ ಮಿದುಳಿಗೆ ಒಯ್ಯುತ್ತದೆ, ಕರುಳಿನಿಂದ ಹೊರಡುವ ಹಾರ್ಮೋನುಗಳು ರಕ್ತದ ಮೂಲಕ ಅದೇ ಸುದ್ದಿಯನ್ನು ಮುಟ್ಟಿಸುತ್ತವೆ, ಆದರೆ ಅದಕ್ಕೆ ಸಮಯ ಹಿಡಿಯುತ್ತದೆ. ಗ್ರೀಸ್ ದೇಶದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತ ಗಂಡಸರಿಗೆ 300 ಮಿಲಿಲೀಟರ್ ಐಸ್‌ಕ್ರೀಮನ್ನು ಒಮ್ಮೆ 5 ನಿಮಿಷದಲ್ಲಿ, ಇನ್ನೊಮ್ಮೆ 30 ನಿಮಿಷದಲ್ಲಿ ತಿನ್ನಿಸಿದಾಗ, ನಿಧಾನವಾಗಿ ತಿಂದ ದಿನ ತೃಪ್ತಿಯ ಸೂಚನೆ ಕೊಡುವ ಜಿಎಲ್‌ಪಿ-1 ಮತ್ತು ಪಿವೈವೈ ಹಾರ್ಮೋನುಗಳು ಹೆಚ್ಚಾಗಿ ಕಂಡವು.

ಎರಡನೆಯ ಸಲ ಬಡಿಸಿಕೊಳ್ಳುವ ಮುನ್ನ

ಪಾತ್ರೆಗೆ ಕೈ ಹಾಕುವ ಮೊದಲು ನಾಲ್ಕಾರು ಉಸಿರಿನಷ್ಟು ಹೊತ್ತು ತಡೆದು, ಕಡೆಯ ತುತ್ತು ಮೊದಲ ತುತ್ತಿನಷ್ಟೇ ರುಚಿಸಿತೇ ಎಂದು ಕೇಳಿಕೊಳ್ಳಿ. ಒಂದೇ ಪದಾರ್ಥವನ್ನು ತಿನ್ನುತ್ತ ಹೋದಂತೆ ಅದರ ಆಕರ್ಷಣೆ ಇಳಿಯುತ್ತದೆ, ಆದರೆ ಬೇರೆ ರುಚಿಯ ಪದಾರ್ಥದ ಆಕರ್ಷಣೆ ಹಾಗೆಯೇ ಉಳಿದಿರುತ್ತದೆ ಎಂಬುದನ್ನು 1980ರ ದಶಕದಲ್ಲಿ ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಸಹೋದ್ಯೋಗಿಗಳು ಪ್ರಯೋಗಗಳಿಂದ ತೋರಿಸಿಕೊಟ್ಟರು. ಹುಳಿಯನ್ನ ಸಾಕೆನಿಸಿದವರಿಗೆ ಹೋಳಿಗೆ ಬಂದಾಗ ಜಾಗ ಸಿಗುವುದು ಇದರಿಂದಲೇ. ಆದ್ದರಿಂದ ‘ಇನ್ನೂ ಬೇಕು’ ಎನ್ನಿಸಿದಾಗ ಬೇಕಾಗಿರುವುದು ಅದೇ ಅನ್ನವೋ, ಬೇರೊಂದು ರುಚಿಯೋ ಎಂದು ನೋಡಿ. ಎಷ್ಟೋ ಬಾರಿ ಒಂದು ಲೋಟ ಮಜ್ಜಿಗೆಯಲ್ಲಿ ಆಸೆ ತೀರುತ್ತದೆ. ವಾಗ್ಭಟನ ಅಷ್ಟಾಂಗಹೃದಯವೆಂಬ ಆಯುರ್ವೇದ ಗ್ರಂಥ ಹೊಟ್ಟೆಯ ನಾಲ್ಕು ಪಾಲಿನಲ್ಲಿ ಎರಡನ್ನು ಅನ್ನಕ್ಕೆ, ಒಂದನ್ನು ದ್ರವಕ್ಕೆ ಕೊಟ್ಟು ನಾಲ್ಕನೆಯದನ್ನು ಖಾಲಿ ಬಿಡಲು ಹೇಳುತ್ತದೆ. ಅಳೆಯುವುದು ಯಾರಿಂದಲೂ ಆಗದ ಕೆಲಸವಾದರೂ, ಎದ್ದು ಕೂಡಲೇ ಚುರುಕಾಗಿ ನಡೆಯಬಲ್ಲೆನೇ ಎಂಬ ಪ್ರಶ್ನೆಯಿಂದ ಅಂದಾಜು ಸಿಗುತ್ತದೆ.

ಮದುವೆ, ಗೃಹಪ್ರವೇಶದ ಪಂಕ್ತಿಯಲ್ಲಿ ತೊಡಕು ಬೇರೆ ರೀತಿಯದು. ಅಲ್ಲಿ ಕೋಸಂಬರಿ, ಪಲ್ಯ, ತೊವ್ವೆ, ಸಾರು, ಹುಳಿ, ಸಿಹಿ, ಮಜ್ಜಿಗೆ ಎಂದು ಒಂದೊಂದಾಗಿ ಬರುವುದರಿಂದ ನಡುನಡುವೆ ಬಿಡುವು ತಾನಾಗಿ ಸಿಗುತ್ತದೆ, ಆದರೆ ಬಡಿಸುವವರ ಒತ್ತಾಯಕ್ಕೆ ಕೊನೆಯಿರುವುದಿಲ್ಲ. ಬಡಿಸಿದ ಮೇಲೆ ಬೇಡವೆಂದು ಎಲೆಯಲ್ಲಿ ಬಿಡುವುದಕ್ಕಿಂತ, ಬಡಿಸುವವರು ಎರಡು ಎಲೆ ಆಚೆ ಇರುವಾಗಲೇ ಕೈ ಅಡ್ಡ ಹಿಡಿದು ‘ಆಮೇಲೆ ಕೇಳಿ ಹಾಕಿಸಿಕೊಳ್ಳುತ್ತೇನೆ’ ಎಂದರೆ ಅವರಿಗೂ ಬೇಸರವಾಗದು.

ಎದ್ದ ಮೇಲೆ

ಕೈ ತೊಳೆಯುವಾಗ, ಉಂಡದ್ದನ್ನು ಮೊದಲಿನಿಂದ ಕಡೆಯವರೆಗೆ ಒಮ್ಮೆ ನೆನೆಯಿರಿ. ಸಂಜೆ ಏನಾದರೂ ತಿನ್ನಬೇಕೆನಿಸಿದಾಗಲೂ ಮೊದಲು ಮಧ್ಯಾಹ್ನದ ಊಟವನ್ನು ವಿವರವಾಗಿ ನೆನಪಿಸಿಕೊಳ್ಳಿ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸುಝಾನ್ ಹಿಗ್ಸ್ 2002ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಆ ದಿನದ ಮಧ್ಯಾಹ್ನದ ಊಟವನ್ನು ನೆನಪಿಸಿಕೊಳ್ಳಲು ಹೇಳಿಸಿಕೊಂಡವರು ನಂತರ ಕಡಿಮೆ ತಿಂದರು. ಇಡೀ ಕ್ರಮದಲ್ಲಿ ಒಂದೇ ಒಂದನ್ನು ಮಾತ್ರ ಮಾಡಲು ಸಾಧ್ಯವಿರುವವರಿಗೆ ನಾನು ಸೂಚಿಸುವುದು ಇದನ್ನೇ. ನೆನಪಿಸಿಕೊಂಡ ಮೇಲೂ ಹಸಿವಿದ್ದರೆ ತಿನ್ನಿ, ಅದು ನಿಜವಾದ ಹಸಿವೇ.

ದರ್ಶಿನಿಗಳಲ್ಲಿ ನಿಂತು ತಿನ್ನುವವರೂ ಇಷ್ಟನ್ನು ಮಾಡಬಹುದು: ಟೋಕನ್ ಕೊಟ್ಟು ತಟ್ಟೆ ತೆಗೆದುಕೊಂಡ ಮೇಲೆ ಮೊಬೈಲನ್ನು ಜೇಬಿಗಿಟ್ಟು, ಇಡ್ಲಿಯನ್ನು ಚಟ್ನಿಯಲ್ಲೊಮ್ಮೆ, ಸಾಂಬಾರಿನಲ್ಲೊಮ್ಮೆ ಬೇರೆಬೇರೆಯಾಗಿ ತಿನ್ನುವುದು. ಕಚೇರಿಯ ಡಬ್ಬಿಯನ್ನು ಕಂಪ್ಯೂಟರಿನ ಮುಂದೆ ತೆರೆಯದಿದ್ದರೆ ಅರ್ಧ ಕೆಲಸ ಮುಗಿದಂತೆ.

ಮಕ್ಕಳ ವಿಷಯ

ಮೊಬೈಲ್ ಕೈಗೆ ಕೊಟ್ಟರೆ ಮಾತ್ರ ಬಾಯಿ ತೆರೆಯುವ ಮಗು ಈಗ ಬಹಳ ಮನೆಗಳಲ್ಲಿದೆ. ಹಸಿವು ತೀರಿದ ಮೇಲೂ ತುತ್ತು ಒಳಗೆ ಹೋಗುತ್ತದೆಂಬುದೇ ಇದರ ದೋಷ; ಸಾಕೆಂದು ಹೇಳುವ ಶಕ್ತಿಯನ್ನು ಮಗು ಕಲಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ, ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೆಂದೂ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ಹೇಳುತ್ತದೆ. ಒಮ್ಮೆಲೇ ಕಿತ್ತುಕೊಂಡರೆ ಒಂದೆರಡು ದಿನ ರಂಪವಾಗುವುದು ಖಚಿತ. ದಿನದಲ್ಲಿ ಹಸಿವು ಹೆಚ್ಚಿರುವ ಹೊತ್ತನ್ನು ಆರಿಸಿ ಆಗ ಮಾತ್ರ ಪರದೆಯಿಲ್ಲದೆ ಕೂರಿಸಿ, ಅನ್ನವನ್ನು ಸಣ್ಣ ಉಂಡೆ ಮಾಡಿ ಕೈಗೇ ಕೊಡಿ, ಎರಡು ಉಂಡೆ ತಿಂದು ಎದ್ದರೂ ಬೆನ್ನಟ್ಟಬೇಡಿ. ದೊಡ್ಡವರು ಜೊತೆಗೆ ಕುಳಿತು, ತಮ್ಮ ಮೊಬೈಲನ್ನೂ ದೂರವಿಟ್ಟು ಉಂಡರೆ ಮಾತ್ರ ಇದು ನಡೆಯುತ್ತದೆ. ಮಗುವಿನ ತೂಕ ಸರಿಯಾಗಿ ಏರುತ್ತಿಲ್ಲವಾದರೆ ಈ ಪ್ರಯೋಗಕ್ಕೆ ಮುನ್ನ ಮಕ್ಕಳ ವೈದ್ಯರನ್ನು ಕಾಣಬೇಕು. ಹದಿಹರೆಯದವರಲ್ಲಿ ಊಟ, ನಿದ್ದೆ ಎರಡನ್ನೂ ಕೆಡಿಸುವಷ್ಟು ಮೊಬೈಲ್ ಗೀಳು ಹತ್ತಿದ್ದರೆ, ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಇದಕ್ಕಾಗಿಯೇ ಆರಂಭಿಸಿದ ಶಟ್ ಕ್ಲಿನಿಕ್ ಇದೆ.

ಯಾರು ಎಚ್ಚರ ವಹಿಸಬೇಕು

ಇನ್ಸುಲಿನ್ ಚುಚ್ಚಿಕೊಳ್ಳುವವರು, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು, ಮದ್ದು ತೆಗೆದುಕೊಂಡ ಮೇಲೆ ಹಸಿವಿಲ್ಲವೆಂದು ಊಟವನ್ನು ಮುಂದೂಡುವುದಾಗಲಿ ಅರ್ಧಕ್ಕೆ ಬಿಡುವುದಾಗಲಿ ಮಾಡಬಾರದು, ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಪ್ರಮಾಣ ಬದಲಿಸುವ ಮೊದಲು ವೈದ್ಯರಿಗೆ ತಿಳಿಸಬೇಕು. ಪಾರ್ಶ್ವವಾಯುವಾದ ನಂತರ ನುಂಗುವ ತೊಂದರೆಯಿರುವವರಿಗೆ ಪರದೆಯಿಲ್ಲದ, ಮಾತಿಲ್ಲದ ಊಟ ರುಚಿಗಿಂತ ಮೊದಲು ಸುರಕ್ಷತೆಯ ಪ್ರಶ್ನೆಯಾಗಿದೆ, ಅವರಿಗೆ ಮುದ್ದೆಯಂಥ ಪದಾರ್ಥ ಕೊಡಬಹುದೇ ಎಂಬುದನ್ನೂ ಚಿಕಿತ್ಸೆ ನೀಡುವವರಲ್ಲಿ ಕೇಳಿಕೊಳ್ಳಬೇಕು. ಇನ್ನು ಊಟವೆಂದರೆ ಭಯಪಡುವವರು, ತಿಂದದ್ದನ್ನು ವಾಂತಿ ಮಾಡಿಕೊಳ್ಳುವವರು, ಪ್ರತಿ ತುತ್ತಿಗೂ ತಮ್ಮನ್ನು ತಾವೇ ಹಳಿದುಕೊಳ್ಳುವವರು ಒಬ್ಬರೇ ಕುಳಿತು ಇಂಥ ಅಭ್ಯಾಸಕ್ಕೆ ಇಳಿಯಬಾರದು. ತುತ್ತಿನ ಮೇಲೆ ಇನ್ನಷ್ಟು ಗಮನ ಹರಿಸುವುದು ಅವರ ಕಷ್ಟವನ್ನು ಹೆಚ್ಚಿಸಬಲ್ಲದು, ಆದ್ದರಿಂದ ಅವರು ಮೊದಲು ಮನೋವೈದ್ಯರನ್ನು ಕಂಡು, ಅವರು ಹೇಳಿದ ಹೊತ್ತಿಗೆ ಮತ್ತು ಅವರು ಹೇಳಿದ ರೀತಿಯಲ್ಲಿ ಆರಂಭಿಸುವುದು ಸರಿ.